ಆನೆ ಸಾಲಿನ ಆಟ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಇದೆ. ಆಗ ಅದನ್ನು ನೇರ ಮಾತು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಐದು ಕಂಪ್ಯೂಟರ್ ಇಟ್ಟುಕೊಂಡಿದ್ದ ತರಬೇತಿ ಕೇಂದ್ರವಿತ್ತು. ಅಲ್ಲಿ ನಾನು ಪಾಠ ಹೇಳುತ್ತಿದ್ದೆ.

ಹೊರದೇಶಗಳಲ್ಲಿ ಕೆಲವರು ಒಂದು ವಿಷಯ ಹಿಡಿದು ಎರಡೇ ದಿನದಲ್ಲಿ ಪುಟ್ಟ ಕಂಪ್ಯೂಟರ್ ಆಟ ಕಟ್ಟುತ್ತಾರೆ, ಆಮೇಲೆ ಒಬ್ಬರದನ್ನೊಬ್ಬರು ಆಡಿ ತಪ್ಪುಒಪ್ಪು ಹೇಳಿಕೊಳ್ಳುತ್ತಾರೆ, ಅದಕ್ಕೆ ಗೇಮ್ ಜ್ಯಾಮ್ ಎನ್ನುತ್ತಾರೆ ಎಂದು ಒಂದು ಪತ್ರಿಕೆಯಲ್ಲಿ ಓದಿದೆ. ನಾವೇನು ಕಡಿಮೆ ಅನ್ನಿಸಿತು. ತಿಂಗಳಿಗೊಂದು ಶನಿವಾರ, ಭಾನುವಾರ ನಾವು ನಾಲ್ವರು ಕೂರತೊಡಗಿದೆವು. ನಾನು, ಇಬ್ಬರು ಡಿಗ್ರಿ ಓದುವ ಹುಡುಗರು, ಹಳೇಬೀಡಿನಿಂದ ಬರುತ್ತಿದ್ದ ಒಬ್ಬ ಹುಡುಗಿ. ಅವಳು ಶನಿವಾರ ಸಂಜೆ ಬಾಣಾವರದ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಬಾಗಿಲ ಮುಂದೆ ನಿಂತಿರುತ್ತಿದ್ದಳು.

ನಿಯಮ ಮಾಡಿದವಳು ನಾನೇ. ಭಾನುವಾರ ನಾಲ್ಕು ಗಂಟೆಗೆ ಒಬ್ಬೊಬ್ಬರ ಆಟ ಹಾಕಬೇಕು. ಬೇರೆಯವರು ಆಡುವಾಗ ಆಟ ಮಾಡಿದವರು ಹಿಂದೆ ಸ್ಟೂಲ್ ಮೇಲೆ ಕೂತಿರಬೇಕು, ತುಟಿ ಪಿಟಕ್ಕೆನ್ನಬಾರದು. ಆಮೇಲೆ ಆಡಿದವರು ತಮ್ಮ ಅಭಿಪ್ರಾಯವನ್ನು ಹಾಳೆಯಲ್ಲಿ ಬರೆದು ಗಟ್ಟಿಯಾಗಿ ಓದಬೇಕು. ‘ಚೆನ್ನಾಗಿದೆ’ ಎಂದು ಬರೆಯುವ ಹಾಗಿಲ್ಲ. ಓದಿದ ಮೇಲೂ ಆಟ ಮಾಡಿದವರು ವಿವರಣೆ ಕೊಡುವ ಹಾಗಿಲ್ಲ. “ಆಟದ ಜತೆ ನೀವೇನು ಎಲ್ಲರ ಮನೆಗೂ ಹೋಗಿ ಕೂತ್ಕೋತೀರಾ?” ಎಂದು ನಾನು ಕೇಳುತ್ತಿದ್ದೆ. ಹುಡುಗರು ತಲೆ ಅಲ್ಲಾಡಿಸುತ್ತಿದ್ದರು. ಹುಡುಗಿ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದಳು.

ಆ ನಿಯಮವನ್ನು ಮೊದಲು ಮುರಿದವಳೂ ನಾನೇ. ಒಂದು ತಿಂಗಳು ನಾನು ತೆಂಗಿನಕಾಯಿಯ ಆಟ ಮಾಡಿದ್ದೆ. ಮೇಲಿಂದ ಕಾಯಿ ಬೀಳುತ್ತವೆ, ಕೆಳಗೆ ಬುಟ್ಟಿಯಲ್ಲಿ ಹಿಡಿಯಬೇಕು, ಬರುಬರುತ್ತಾ ಬೀಳುವ ವೇಗ ಹೆಚ್ಚುತ್ತದೆ. ಹುಡುಗರು ಕುಣಿದಾಡಿಬಿಟ್ಟರು. ಹುಡುಗಿ ಮಾತ್ರ ಹಾಳೆ ಹಿಡಿದು ಓದಿದಳು: “ಅಕ್ಕ, ಇದು ಒಂದು ಗಳಿಗೆನೂ ನಿಲ್ಲೋಕೆ ಬಿಡಲ್ಲ. ಮರದ ಚಿತ್ರ ಎಷ್ಟು ಚೆಂದ ಬರೆದಿದ್ದೀರ, ನಾನು ಅದನ್ನ ನೋಡ್ಲೇ ಇಲ್ಲ.”

ಉರಿದುಹೋಯಿತು ನನಗೆ. ಅರ್ಧ ಗಂಟೆ ವಾದ ಮಾಡಿದೆ. ಆಟ ಅಂದರೆ ವೇಗ, ನೋಡುತ್ತಾ ಕೂರುವುದಕ್ಕೆ ಇದೇನು ಕ್ಯಾಲೆಂಡರಾ, ಎಂದೆಲ್ಲ. ಅವಳು “ಸರಿ ಅಕ್ಕ,” ಎಂದು ಹಾಳೆ ಮಡಿಸಿಟ್ಟಳು. ಅವಳು ಹೇಳಿದ್ದು ನಿಜ ಎಂದು ಆಗಲೇ ಗೊತ್ತಿತ್ತು, ಅದಕ್ಕೇ ಅಷ್ಟು ಉರಿದದ್ದು.

ಮುಂದಿನ ತಿಂಗಳು ಚೀಟಿ ಎತ್ತಿದಾಗ ಬಂದ ವಿಷಯ ‘ಗೋಡೆ’. ಆ ಭಾನುವಾರ ಅವಳ ಅಣ್ಣನೂ ಜತೆಯಲ್ಲಿ ಬಂದಿದ್ದ. ಹಳೇಬೀಡಿನಲ್ಲಿ ದೇವಸ್ಥಾನದ ಎದುರು ಅವರದು ಎಳನೀರು, ತಂಪು ಪಾನೀಯದ ಅಂಗಡಿ. ಒಳ್ಳೆಯ ಮನುಷ್ಯನೇ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, “ಎರಡೆರಡು ದಿನ ಕುಂತು ಏನ್ ಮಾಡ್ತಾಳೆ ನೋಡನಾ ಅಂತ ಬಂದೆ ಮೇಡಂ. ಉಪಯೋಗ ಐತೆ ಅಂದ್ರೆ ಮುಂದುಕ್ಕೂ ಕಳಿಸ್ತೀನಿ, ಇಲ್ಲಾಂದ್ರೆ ಬ್ಯಾಡ,” ಎಂದ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ಮುಂದಿನ ತಿಂಗಳು ಬರುವುದೂ ಬಿಡುವುದೂ ಅವತ್ತಿನ ಸಂಜೆಯ ಮೇಲಿದೆ ಎಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು.

ಅವಳ ಆಟ ಹಾಕಿದೆವು. ಹಳೇಬೀಡಿನ ಗುಡಿಯ ಗೋಡೆ, ಅದರ ಕೆಳಗಿನ ಆನೆಗಳ ಸಾಲು. ಒಂದೊಂದು ಆನೆಯನ್ನೂ ಅವಳು ಚುಕ್ಕಿ ಚುಕ್ಕಿ ಇಟ್ಟು ಬರೆದಿದ್ದಳು. ಬ್ಯಾಗು ಹಾಕಿಕೊಂಡ ಒಬ್ಬ ಪ್ರವಾಸಿ. ಬಾಣದ ಗುಂಡಿ ಒತ್ತಿದರೆ ಅವನು ಗೋಡೆ ಪಕ್ಕದಲ್ಲಿ ನಡೆಯುತ್ತಾನೆ. ಗೋಡೆ ಮುಗಿದರೆ ‘ನೋಡಿ ಆಯಿತು, ಬಸ್ ಹತ್ತಿ’ ಎಂದು ಬರುತ್ತದೆ. ಅಷ್ಟೆ! ಹುಡುಗರು ಯಾರು ಬೇಗ ಮುಗಿಸುತ್ತಾರೆ ಎಂದು ಪಂದ್ಯ ಕಟ್ಟಿಕೊಂಡು ಓಡಿಸಿದರು. ನಾನು ಎರಡು ಸಲ ಆಡಿದೆ. ಎರಡನೆಯ ಸಲ ಕನ್ನಡಕ ಒರೆಸಲು ಗುಂಡಿಯಿಂದ ಕೈ ತೆಗೆದಾಗ, ಹಿಂದೆ ಸ್ಟೂಲ್ ಮೇಲಿದ್ದವಳು ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದಳು. ಏನು ಎಂಬಂತೆ ತಿರುಗಿ ನೋಡಿದೆ. ಅವಳು ತುಟಿ ಕಚ್ಚಿಕೊಂಡಳು. ನಾನು ಮತ್ತೆ ಗುಂಡಿ ಒತ್ತಿದೆ.

ಹಾಳೆಯಲ್ಲಿ ಬರೆದೆ, ಗಟ್ಟಿಯಾಗಿ ಓದಿದೆ: “ಇದರಲ್ಲಿ ಏನೂ ಇಲ್ಲ. ಇದು ಆಟವೇ ಅಲ್ಲ.”

ಅಣ್ಣ ನನ್ನ ಕಡೆ ತಿರುಗಿದ. “ಹಂಗಾರೆ ಇವ್ಳಿಗೆ ಇದು ಆಗಾಕಿಲ್ಲ ಅಂತೀರಾ ಮೇಡಂ?”

ಅಲ್ಲ ಅನ್ನಬಹುದಿತ್ತು. ಇದೊಂದು ಸರಿ ಬಂದಿಲ್ಲ, ಹುಡುಗಿ ಚುರುಕು ಎಂದು ಒಂದು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? “ಇದ್ದದ್ದನ್ನ ಬರ್ದಿದ್ದೀನಿ,” ಎಂದೆ. ಹಾಗೆ ಹೇಳುವಾಗ ನನಗೆ ಹೋದ ತಿಂಗಳ ತೆಂಗಿನಕಾಯಿ ನೆನಪಿತ್ತು. ಇತ್ತು, ಸುಳ್ಳು ಯಾಕೆ ಹೇಳಲಿ. ಹುಡುಗಿ ಬಾಯಿ ಬಿಡಲಿಲ್ಲ. ನಿಯಮ ಅಲ್ಲವೇ? ಬ್ಯಾಗು ತೆಗೆದುಕೊಂಡು ಅಣ್ಣನ ಹಿಂದೆ ಮೆಟ್ಟಿಲಿಳಿದಳು. ಆಟವಿದ್ದ ಫ್ಲಾಪಿ ಕಂಪ್ಯೂಟರಿನಲ್ಲೇ ಉಳಿಯಿತು.

ಎರಡು ತಿಂಗಳಾದ ಮೇಲೆ, ಹಳೆಯ ಫ್ಲಾಪಿಗಳನ್ನು ಅಳಿಸಿ ಮತ್ತೆ ಬಳಸೋಣ ಎಂದು ಒಂದೊಂದನ್ನೇ ಹಾಕಿ ನೋಡುತ್ತಿದ್ದೆ. ಅವಳದು ಬಂತು. ಆಟ ತೆರೆದು ಮೂರನೆಯ ಆನೆಯವರೆಗೆ ನಡೆಸಿದ್ದೆ, ಮೇಜಿನ ಫೋನ್ ಬಡಿದುಕೊಂಡಿತು. ಗಂಡಸಿ ಊರಿನಿಂದ ಯಾರೋ ಕ್ಲಾಸಿನ ಸಮಯ ಕೇಳುತ್ತಿದ್ದರು. ಮಾತು ಮುಗಿಸಿ ತಿರುಗಿದರೆ ಆನೆ ನನ್ನ ಕಡೆ ಕತ್ತು ಹೊರಳಿಸಿತ್ತು.

ಕೂತೆ. ನಾಲ್ಕನೆಯ ಆನೆಯ ಮುಂದೆ ಪ್ರವಾಸಿಯನ್ನು ನಿಲ್ಲಿಸಿ ಕೈ ಕಟ್ಟಿಕೊಂಡೆ. ಹತ್ತು ಎಣಿಸುವಷ್ಟರಲ್ಲಿ ಅದು ಸೊಂಡಿಲೆತ್ತಿ ಅವನ ಟೋಪಿ ತೆಗೆಯಿತು. ಐದನೆಯದರ ಕಾಲ ಸಂದಿಯಿಂದ ಮರಿ ಇಣುಕಿತು. ಒಂದರ ಹಾಗೆ ಇನ್ನೊಂದಿಲ್ಲ. ಕೊನೆಯ ಆನೆಗೆ ಒಂದು ಕಾಲೇ ಇಲ್ಲ, ಅಲ್ಲಿ ನಿಂತರೆ ಉಳಿ ಹಿಡಿದ ಒಂದು ಕೈ ಬಂದು ಕಾಲು ಕಡೆಯತೊಡಗಿತು. ಕೊನೆಗೆ ಅಕ್ಷರ ಬಂತು: ‘ಬಸ್ ಹೋಯಿತು. ಪರವಾಗಿಲ್ಲ.’

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅಂಗಡಿ ಮುಂದೆ ಕೂತು, ಬಸ್ಸಿಳಿದು ಓಡಿ ಓಡಿ ನೋಡಿ ಹೋಗುವವರನ್ನು ಚಿಕ್ಕಂದಿನಿಂದ ಕಂಡ ಹುಡುಗಿ ಆಟ ಕಟ್ಟಿದ್ದಳು. ನಾನೂ ಆ ಬಸ್ಸಿನವರ ಹಾಗೆಯೇ ಓಡಿದ್ದೆ. ನಾಚಿಕೆಯಿಂದ ಅವತ್ತು ಮಧ್ಯಾಹ್ನದ ಊಟ ಸೇರಲಿಲ್ಲ.

ಅವಳು ಬೇಲೂರಿನ ಗುಡಿ ಬೀದಿಯಲ್ಲಿ ಜೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದ್ದಾಳೆಂದು ನಮ್ಮ ಹುಡುಗರಲ್ಲೊಬ್ಬ ಹೇಳಿದ. ಆ ಗುರುವಾರವೇ ಹೋದೆ. ನನ್ನನ್ನು ಕಂಡು ಎದ್ದು ನಿಂತು, ಕೂರಲು ತನ್ನ ಸ್ಟೂಲನ್ನೇ ಕೊಟ್ಟಳು. “ನಂದು ತಪ್ಪಾಯ್ತು ಕಣೇ. ಆಟ ಪೂರ್ತಿ ನೋಡಿದೆ,” ಎಂದೆ.

ಅವಳ ಕಣ್ಣು ಅರಳಿತು. “ಅಕ್ಕ, ನಿಂತ್ರಾ? ಯಾವ ಆನೆ ಹತ್ರ?”

“ಮೂರನೇದು.”

“ಯಾರೂ ಹೇಳ್ದೇನೇ? ನಿಮಗೇ ನಿಲ್ಬೇಕು ಅನ್ನಿಸ್ತಾ?”

ಫೋನ್ ಬಂತು ಎನ್ನಬೇಕಿತ್ತು. ಆದರೆ ಅವಳ ಮುಖ ನೋಡಿ ಬಾಯಿ ಬರಲಿಲ್ಲ. ಒಂದು ಸಲವಾದರೂ ಒಳ್ಳೆಯ ಮಾತಾಡೋಣ ಅನ್ನಿಸಿತು. “ಹೂಂ ಕಣೇ, ನೋಡ್ಬೇಕು ಅನ್ನಿಸ್ತು, ನಿಂತೆ,” ಎಂದೆ.

ಅವಳು ಜೋರಾಗಿ ನಕ್ಕಳು. ಮೇಜಿನ ಕೆಳಗಿಂದ ನೋಟ್‌ಬುಕ್ ತೆಗೆದು ಒಂದು ಪುಟ ತೋರಿಸಿದಳು. ಗೋಡೆಯ ಮುಂದೆ ಲಂಗ ಹಾಕಿಕೊಂಡ ಒಂದು ಪುಟ್ಟ ಹುಡುಗಿ, ಆನೆಯನ್ನು ನೋಡುತ್ತಾ ನಿಂತಿದ್ದಾಳೆ.

“ನೀವು ಬರೆದಿದ್ದೇ ಯೋಚ್ನೆ ಆಗ್ತಿತ್ತು ಅಕ್ಕ. ಜನ ನಿಲ್ತಾ ಇಲ್ಲ ಅಂದ್ರೆ ನಂದೇ ತಪ್ಪು ಅಲ್ವಾ? ಶುರುವಲ್ಲೇ ಈ ಮಗೂನ ನಿಲ್ಸಿದ್ರೆ, ಇದನ್ನ ನೋಡಿ ಬಂದೋರೂ ನಿಲ್ತಾರೆ ಅಂತ. ಇದೊಂದು ಸರಿ ಮಾಡಿ ಬರ್ತೀನಿ, ಇನ್ನೊಂದ್ಸಲ ಕಳ್ಸು ಅಂತ ಅಣ್ಣನ್ನ ಒಪ್ಪಿಸಿದ್ದೆ. ಈ ಶನಿವಾರನೇ ಬರೋಳಿದ್ದೆ.”

“ಬಾ ಮತ್ತೆ,” ಎಂದೆ.

“ಈಗ ಯಾಕೆ ಬಿಡಿ ಅಕ್ಕ. ನಿಮ್ಮಂಥವರೇ ನಿಂತ್ರಲ್ಲ. ಸರಿಯಾಗೇ ಇದೆ ಅಂತಾಯ್ತು.”

ಅಷ್ಟರಲ್ಲಿ ಯಾರೋ ಪಹಣಿ ಪತ್ರದ ಜೆರಾಕ್ಸ್ ಕೇಳಿಕೊಂಡು ಬಂದರು. ಮಿಷನ್ನಿನ ಮಸಿ ಹೇಗೆ ಬೀಳುತ್ತಿದೆ ನೋಡಲು ಅವಳು ಆ ಪುಟವನ್ನೇ ಹರಿದು ಹಾಳೆಯ ತಟ್ಟೆಗೆ ಹಾಕಿದಳು. ಅದು ಇನ್ನೊಂದು ಕಡೆಯಿಂದ ಪಹಣಿಯ ಗೆರೆಗಳನ್ನು ಹೊತ್ತು ಬಂತು. ನಾನು ಅವಳ ಸ್ಟೂಲಿನ ಮೇಲೆ ತುಟಿ ಪಿಟಕ್ಕೆನ್ನದೆ ಕೂತಿದ್ದೆ.