ಸೋಮವಾರದ ನೊಗ

ಸೋಮವಾರ ಅಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಬಸವಣ್ಣನ ಮೇಲೆ ಸಿಟ್ಟಲ್ಲ, ಪಾಪ, ಅವನೇನು ಮಾಡಿಯಾನು. ಅವನ ಹೆಸರು ಹೇಳಿಕೊಂಡು ಮನುಷ್ಯರು ಆಡುವ ಆಟದ ಮೇಲೆ ಸಿಟ್ಟು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವನ ದಿನ. ಕೆಲವರು ಉಳುವುದನ್ನು ಮಾತ್ರ ಬಿಟ್ಟು ಗಾಡಿ ಹೂಡುತ್ತಿದ್ದರು. ನಮ್ಮಪ್ಪ ಅದನ್ನೂ ಮಾಡುತ್ತಿರಲಿಲ್ಲ. ತಾತನ ಕಾಲದಿಂದ ನಮ್ಮ ಮನೆಯಲ್ಲಿ ಸೋಮವಾರ ನೊಗ ಇಟ್ಟಿಲ್ಲ ಅಂತ ಊರಿನ ಅರಳಿಕಟ್ಟೆಯಲ್ಲಿ ಕೂತು ಎದೆ ಸೆಟೆಸಿ ಹೇಳುತ್ತಿದ್ದರು. ಎತ್ತುಗಳಿಗೆ ಸ್ನಾನ ಮಾಡಿಸಿ, ಕುಂಕುಮ ಇಟ್ಟು, ನುಚ್ಚು ಬೇಯಿಸಿ ಹಾಕುವ ಕೆಲಸ ಮಾತ್ರ ಅವ್ವನದು. ಎತ್ತಿಗೆ ವಾರಕ್ಕೊಂದು ದಿನ ಬಿಡುವಿತ್ತು, ಅವ್ವನಿಗೆ ಅದೂ ಇರಲಿಲ್ಲ.

ಆಗ ಯುದ್ಧದ ಕಾಲ. ಆತಗೂರಿನ ಕಡೆಯ ನಮ್ಮ ಹಳ್ಳಿಯಿಂದ ಮದ್ದೂರಿಗೆ ಐದು ಮೈಲಿ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಒಂದು ಬಸ್ಸಿತ್ತು, ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನಗೆ ಹದಿನಾಲ್ಕು, ಅಣ್ಣನಿಗೆ ಹದಿನೆಂಟು. ಮಂಡ್ಯದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದವನು ಒಂದು ದಿನ ಪುಸ್ತಕ, ಹಾಸಿಗೆ ಎಲ್ಲ ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದ. ಬಂದವನು ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಮಾತು ನಿಂತುಹೋಯಿತು. ನಿದ್ದೆ ಇಲ್ಲ, ಮುದ್ದೆ ಮುಂದಿಟ್ಟರೆ ಮುದ್ದೆ ಹಾಗೇ ಆರುತ್ತಿತ್ತು. ಯಾಕೆ ಹೀಗಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ ಅಂತ ಎಷ್ಟೋ ವರ್ಷದ ಮೇಲೆ ಹೇಳಿದ.

ಕಾರಣ ಕಾಣದವರಿಗೆ ಗಾಳಿ ಸೋಕಿದೆ ಅನ್ನುವುದು ಸುಲಭ. ಮಂತ್ರದವನು ಬಂದ. ತಲೆ ಬೋಳಿಸಿ ನಿಂಬೆಹಣ್ಣು ತಿಕ್ಕಿದರು. ಬೇವಿನ ಸೊಪ್ಪಿನಲ್ಲಿ ಬಡಿದರು. ಅದಕ್ಕೂ ಜಗ್ಗಲಿಲ್ಲ ಅಂತ ತೋಳಿಗೆ ಬರೆ ಹಾಕಿದರು. ಅಣ್ಣ ಅಮ್ಮಾ ಅಂತಲೂ ಅನ್ನಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿದು ನಾನು ಹಿತ್ತಿಲಿಗೆ ಓಡಿದೆ. ಮಂತ್ರದವನು ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಒಂದು ಹುಂಜ ಕಂಕುಳಲ್ಲಿ ಇಟ್ಟುಕೊಂಡು ಹೋದ. ಅದಾದ ನಾಲ್ಕನೇ ದಿನ ಅಣ್ಣ ನಾಲೆಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತಿದ್ದ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ನೋಡಿ ಕೈಹಿಡಿದು ಎಳೆದು ತಂದ.

ಆಮೇಲೆ ಅಪ್ಪನಿಗೆ ಹೆದರಿಕೆ ಹುಟ್ಟಿತು. ಮದ್ದೂರಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಇದ್ದರು. ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ರಿಟೈರಾಗಿ ಬಂದವರು. ಅವರು ಅಣ್ಣನ ತೋಳಿನ ಬರೆ ನೋಡಿ ಮೊದಲು ಅಪ್ಪನಿಗೆ ಚೆನ್ನಾಗಿ ಉಗಿದರು. ಆಮೇಲೆ ಹೇಳಿದರು:

"ಬೆಂಗಳೂರಿಗೆ ಕಳಿಸಿ ಒಳಗೆ ಕೂಡಿಹಾಕೋದು ಬೇಡ. ಮನೇಲೇ ಇರ್ಲಿ, ಮನೇಲೇ ಮಲಗ್ಲಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿಗೆ ಕರ್ಕೊಂಡ್ಬನ್ನಿ, ನಾಲ್ಕಕ್ಕೆ ವಾಪಸ್ ಕರ್ಕೊಂಡ್ಹೋಗಿ. ಮೂರು ತಿಂಗಳು. ಒಂದು ದಿನಾನೂ ತಪ್ಪಿಸ್ಕೂಡದು. ತಪ್ಪಿಸಿದ್ರೆ ಹುಡುಗ ಮತ್ತೆ ನಾಲೆಗೆ ಹೋಗ್ತಾನೆ."

ಅಪ್ಪ ಕೈಮುಗಿದುಕೊಂಡೇ ಕೇಳಿದರು. "ಬುದ್ಧಿ, ಸ್ವಾಮಾರದ ಬದ್ಲು ಮಂಗ್ಳಾರ ಮಾಡ್ಕೊಡಿ. ಸ್ವಾಮಾರ ನಾವು ನೊಗ ಇಕ್ಕಾಕಿಲ್ಲ."

"ಮಂಗಳವಾರ, ಗುರುವಾರ ನಾನು ಮಳವಳ್ಳೀಲಿ ಕೂರ್ತೀನಿ. ನಿಮ್ಮ ಎತ್ತಿಗೆ ರಜ ಕೊಡಿ, ಬೇಡ ಅನ್ನಲ್ಲ. ನಿಮಗೆ ಕಾಲಿಲ್ವೇನ್ರಿ?"

ಅಪ್ಪನಿಗೆ ಕಾಲಿತ್ತು. ಆದರೆ ಆ ಕಾಲು ಸೋಮವಾರ ಮದ್ದೂರಿನ ಕಡೆ ಏಳಲಿಲ್ಲ. ಗಾಡಿಯಾದರೆ ಕಮಾನಿನೊಳಗೆ ಮಗನನ್ನು ಮುಚ್ಚಿಕೊಂಡು ಹೋಗಬಹುದು. ನಡೆದರೆ ದಾರಿಯಲ್ಲಿ ಹತ್ತು ಜನ ನಿಲ್ಲಿಸಿ ಕೇಳುತ್ತಾರೆ. ಮಾನ ಹೋಗುತ್ತದೆ. ಅವ್ವನಿಗೆ ಮನೆ ಬಿಟ್ಟು ಬರಲಾಗದು. ಕಡೆಗೆ ನನ್ನನ್ನು ಕಳಿಸಿದರು. ಹದಿನಾಲ್ಕರ ಹುಡುಗಿಯ ಮಾನಕ್ಕೆ ಬೆಲೆ ಕಡಿಮೆ ಅಂತ ಕಾಣುತ್ತದೆ.

ಬುಧವಾರ, ಶುಕ್ರವಾರ ಗಾಡಿ. ಸೋಮವಾರ ನಾನು, ಅಣ್ಣ, ಬಟ್ಟೆಯಲ್ಲಿ ಕಟ್ಟಿದ ಎರಡು ರೊಟ್ಟಿ. ಯಾರು ಕೇಳಿದರೂ ಹಲ್ಲುನೋವು ಅಂತ ಹೇಳಬೇಕು ಅಂತ ಅಪ್ಪ ಕಲಿಸಿದ್ದರು. ನಾಲೆಯ ಏರಿಯ ಮೇಲೆ ಕಳೆ ಕೀಳಲು ಹೋಗುತ್ತಿದ್ದ ಹೆಂಗಸರು ಮೊದಮೊದಲು ಅಯ್ಯೋ ಅನ್ನುತ್ತಿದ್ದರು. ಆಮೇಲೆ ನಗತೊಡಗಿದರು.

"ಅಲ್ಲ ಕಣಮ್ಮಿ, ನಿಮ್ಮಣ್ಣನ್ಗೆ ಎಷ್ಟ್ ಅಲ್ಲು ಅವೆ? ವಾರಕ್ ಮೂರ್ ಮೂರ್ ಕೀಳ್ಸುದ್ರೂ ಇನ್ನೂ ಮುಗೀನಿಲ್ವಲ್ಲ."

ನಾನು ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದೆ. ಅಣ್ಣ ನನಗಿಂತ ಒಂದು ಹೆಜ್ಜೆ ಹಿಂದೆ. ನೀರಿನ ಕಡೆ ಅವನು ಬರದಂತೆ ನಾನು ಏರಿಯ ಅಂಚಿನಲ್ಲಿ ನಡೆಯುತ್ತಿದ್ದೆ. ಅಷ್ಟು ದೂರವೂ ಕಿವಿ ಹಿಂದಕ್ಕೇ ಇರುತ್ತಿತ್ತು, ಅವನ ಹೆಜ್ಜೆಯ ಸದ್ದು ನಿಂತರೆ ನಾನೂ ನಿಂತು ತಿರುಗಿ ನೋಡುತ್ತಿದ್ದೆ. ಕಾಲಿಗೆ ಚಪ್ಪಲಿ ಇರಲಿಲ್ಲ. ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಸಂಜೆ ಮನೆಗೆ ಬಂದರೆ ಎತ್ತುಗಳು ಕುಂಕುಮ ಇಟ್ಟುಕೊಂಡು ಮೆಲುಕು ಹಾಕುತ್ತಾ ಮಲಗಿರುತ್ತಿದ್ದವು. ಅವುಗಳ ಮುಖ ನೋಡಿದರೇ ನನಗೆ ಹೊಟ್ಟೆ ಉರಿಯುತ್ತಿತ್ತು.

ಡಾಕ್ಟರ ಮನೆಯ ಜಗಲಿಯಲ್ಲಿ ಆರು ಜನ ಸೇರುತ್ತಿದ್ದರು, ಎಲ್ಲ ಹದಿನೈದರಿಂದ ಇಪ್ಪತ್ತೆರಡರ ಒಳಗಿನವರು. ದಿನವೆಲ್ಲ ಕೈ ತೊಳೆಯುವ ಒಬ್ಬಳು ಹುಡುಗಿ, ರೈಲಿನ ಸದ್ದು ಕೇಳಿದರೆ ನಡುಗುವ ಮೇಷ್ಟರ ಮಗ, ಹೀಗೆ. ಬೆಳಿಗ್ಗೆ ಒಂದು ಕಹಿ ಔಷಧಿ. ಆಮೇಲೆ ಕತ್ತಾಳೆ ನಾರಿನಲ್ಲಿ ಹಗ್ಗ ಹೊಸೆಯುವುದು. ಮಧ್ಯಾಹ್ನ ಡಾಕ್ಟರ ಹೆಂಡತಿ ಮಾಡಿದ ಉಪ್ಪಿಟ್ಟು, ಎಲ್ಲರಿಗೂ ಒಂದೇ ಸಾಲಿನಲ್ಲಿ. ಯಾವ ಜಾತಿ ಅಂತ ಕೇಳಿದವರಿಗೆ ಆಯಮ್ಮ ಬಡಿಸುತ್ತಲೇ ಇರಲಿಲ್ಲ. ಊಟವಾದ ಮೇಲೆ ಸುತ್ತ ಕೂತು ಒಬ್ಬೊಬ್ಬರೂ ಹೇಳಬೇಕು: ನಿನ್ನೆ ನಿದ್ದೆ ಬಂತಾ, ಏನು ತಿಂದೆ, ಏನಾಯಿತು, ಏನು ಮಾಡಿದೆ. ಯಾರೂ ನಗಬಾರದು, ಯಾರೂ ಬುದ್ಧಿ ಹೇಳಬಾರದು. ಜೊತೆಗೆ ಬಂದ ನಾವೂ ಕೂರಬೇಕು, ಬಾಯಿ ಮುಚ್ಚಿಕೊಂಡು. ನನಗೆ ಅದೇ ಕಷ್ಟ.

ಅಣ್ಣನ ಸರದಿ ಬಂದಾಗ ಡಾಕ್ಟರು ಅವನ ಮುಖ ನೋಡಿಕೊಂಡು ಕಾಯುತ್ತಿದ್ದರು. ಅವನು ಬಾಯಿ ಬಿಡುತ್ತಿರಲಿಲ್ಲ. "ಆಗ್ಲಿ, ಬುಧವಾರ ಕೇಳ್ತೀನಿ," ಅಂದು ಮುಂದಿನವರ ಕಡೆ ತಿರುಗುತ್ತಿದ್ದರು. ವಾರವಾರವೂ ಹೀಗೇ. ಆದರೆ ಅಣ್ಣ ಉಪ್ಪಿಟ್ಟು ತಿನ್ನತೊಡಗಿದ. ಹಗ್ಗ ಬಿಗಿಯಾಗಿ ಹೊಸೆಯತೊಡಗಿದ. ಮನೆಯಲ್ಲಿ ಗೋಡೆ ಬಿಟ್ಟು ನಮ್ಮ ಕಡೆ ಮುಖ ಮಾಡಿ ಕೂರತೊಡಗಿದ.

ಏಳನೇ ಸೋಮವಾರ ವಾಪಸ್ ಬರುವಾಗ ನಾನು ಏರಿಯ ಮೇಲೆ ಕೂತು ಹಿಮ್ಮಡಿಗೆ ಹೊಕ್ಕ ಮುಳ್ಳು ತೆಗೆಯುತ್ತಿದ್ದೆ. ಅಣ್ಣ ಬಂದು ಎದುರಿಗೆ ಕೂತ. "ಭಾಳ ನೋಯ್ತದಾ?" ಅಂದ.

ನಾಲ್ಕು ತಿಂಗಳ ಮೇಲೆ ಕೇಳಿದ ದನಿ. ಸಂತೋಷಪಡಬೇಕಾದ ನಾನು ಅವನನ್ನು ಬೈದುಬಿಟ್ಟೆ. "ಈಗ್ ಕೇಳ್ತೀಯಾ? ಏಳ್ ವಾರದಿಂದ ಎಲ್ಲೋಗಿದ್ದೆ ನೀನು?" ಬೈಯುತ್ತಲೇ ಅಳು ಬಂತು. ಅವನು ನನ್ನ ಕಾಲು ಹಿಡಿದು, ಉಗುರಿನಲ್ಲಿ ಮುಳ್ಳು ಕಿತ್ತು ಬಿಸಾಡಿದ.

ಆ ಮಾತನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ. ಹೊಸ್ತಿಲು ದಾಟುವ ಮೊದಲೇ ಅಣ್ಣ ಮಾತಾಡಿದ ಅಂತ ಕೂಗಿದೆ. ನನ್ನ ಮೇಲೆ ನನಗೆ ಇರುವ ಸಿಟ್ಟು ಇದೊಂದಕ್ಕೇ.

ಅವ್ವ ದೀಪ ಹಚ್ಚಿ ಕೈಮುಗಿದಳು. ಬುಧವಾರ ಅಪ್ಪ ಗಾಡಿ ಹೂಡಲಿಲ್ಲ. "ಮಾತಾಡ್ತಾವ್ನಲ್ಲ, ಇನ್ನೇನು. ಕಬ್ಬು ಕಡ್ಯದು ಅದೆ." ಗುರುವಾರ ಅವ್ವನ ಅಣ್ಣ, ನಮ್ಮ ಸೋದರಮಾವ, ಮಳವಳ್ಳಿ ದಾರಿಯ ಒಂದು ಹಳ್ಳಿಯಿಂದ ಹೆಣ್ಣಿನ ಸುದ್ದಿ ತಂದ. ನಡುಮನೆಯಲ್ಲಿ ಕೂತು ತೊಡೆ ತಟ್ಟಿ ಹೇಳಿದ:

"ಮದ್ವೆ ಆಗೋಗಂಟ ಉಚ್ಚು ಬುಡಾಕಿಲ್ಲ ಕಣ್ ಭಾವ. ಸುಮ್ಕೆ ಮಾಡ್ಬುಡು, ಎಲ್ಲಾ ಸರ್ಯೋಯ್ತದೆ."

ಹುಚ್ಚು ಬಿಡುವ ತನಕ ಮದುವೆ ಆಗದು ಅಂತ ಅದೇ ಗಾದೆಯ ಇನ್ನೊಂದು ಅರ್ಧ ಇದೆ. ಅದನ್ನು ಮಾವ ಮಜ್ಜಿಗೆಯ ಜೊತೆ ನುಂಗಿಕೊಂಡ. ಹೆಣ್ಣಿನ ಕಡೆಯವರಿಗೆ ಹೇಳಿದ್ದೀರಾ ಅಂತ ನಾನು ಕೇಳಿದೆ. ಹೆಣ್ಣುಮಕ್ಕಳು ದೊಡ್ಡವರ ಮಾತಿನಲ್ಲಿ ಬಾಯಿ ಹಾಕಬಾರದು ಅಂತ ಉತ್ತರ ಬಂತು. ಶುಕ್ರವಾರವೂ ಮದ್ದೂರಿಲ್ಲ. ನಾನು ನಡೆಸಿಕೊಂಡು ಹೋಗುತ್ತೇನೆ ಅಂದರೂ ಬಿಡಲಿಲ್ಲ, ಹೆಣ್ಣಿನವರ ಪೈಕಿ ಯಾರಾದರೂ ಆ ಜಗಲಿಯ ಮೇಲೆ ನೋಡಿಬಿಟ್ಟರೆ ಅಂತ.

ಶನಿವಾರ ಅಣ್ಣ ಮತ್ತೆ ಕೊಟ್ಟಿಗೆಗೆ ಹೋಗಿ ಗೋಡೆಗೆ ಮುಖ ಮಾಡಿದ. ಭಾನುವಾರ ಸಂಜೆ ಕೊಟ್ಟಿಗೆಯಲ್ಲಿ ಕಾಣಲಿಲ್ಲ. ನಾನು ನೇರ ನಾಲೆಗೆ ಓಡಿದೆ. ನೀರಿನ ಅಂಚಿನಲ್ಲಿ ನಿಂತಿದ್ದ. ಹಿಂದಿನಿಂದ ಅಂಗಿ ಹಿಡಿದುಕೊಂಡೆ. "ನಾಳಿಕ್ ಸ್ವಾಮಾರ. ಮದ್ದೂರ್ಗ್ ಓಗನ, ನಡಿ," ಅಂದೆ. ಹೂಂ ಅನ್ನುವಂತೆ ತಲೆ ಆಡಿಸಿದ. ಮನೆಗೆ ಬಂದು ಹೇಳಿದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಅಪ್ಪ ಮುಖ ತಿರುಗಿಸಿದರು. "ನಾಳೆ ಎಣ್ಣಿನ್ ಮಕ ನೋಡುದ್ರೆ ಸರ್ಯೋಯ್ತನೆ ಬುಡವ್ವ," ಅಂದ ಮಾವ. ನಾಳೆಯೇ ಒಪ್ಪುವೀಳ್ಯ ಅಂತ ನನಗೆ ಆಗಲೇ ತಿಳಿದದ್ದು. ಎಲೆ ಅಡಿಕೆ ಬದಲಾಯಿಸಿಕೊಂಡರೆ ಮುಗಿಯಿತು, ಮಾತಿಗೆ ತಪ್ಪುವ ಹಾಗಿಲ್ಲ.

ಸೋಮವಾರ ಬೆಳಿಗ್ಗೆ ಅಣ್ಣನಿಗೆ ಕ್ಷೌರ ಮಾಡಿಸಿ, ಅಂಚಿನ ಪಂಚೆ ಉಡಿಸಿ, ಬರೆ ಕಾಣದಂತೆ ತುಂಬುತೋಳಿನ ಅಂಗಿ ತೊಡಿಸಿದರು. ರಾಹುಕಾಲ ಕಳೆಯಲಿ ಅಂತ ಒಂಬತ್ತರವರೆಗೆ ಕಾದರು. ಒಂಬತ್ತಕ್ಕೆ ಅಪ್ಪ ಎತ್ತುಗಳನ್ನು ಈಚೆಗೆ ತಂದು, ನೊಗ ಎತ್ತಿ, ಎರಡರ ಹೆಗಲ ಮೇಲೂ ಇಟ್ಟು ಕೊರಳಿಗೆ ಕಣ್ಣಿ ಹಗ್ಗ ಬಿಗಿದರು. ರಾಹುಕಾಲ ನೋಡಿದವರಿಗೆ ಸೋಮವಾರ ಕಾಣಲಿಲ್ಲ.

ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಏಳು ಸೋಮವಾರ ನಡೆದ ನನ್ನ ಕಾಲು, ಒಡೆದ ಹಿಮ್ಮಡಿ, ಹಲ್ಲುನೋವಿನ ಸುಳ್ಳು, ಎಲ್ಲ ಒಟ್ಟಿಗೆ ಬಾಯಿಗೆ ಬಂತು.

"ಇವತ್ ಸ್ವಾಮಾರ ಅಲ್ವಾ ಅಪ್ಪ?" ಅಂದೆ. "ಡಾಕ್ಟ್ರತಾವ್ಕೆ ಓಗಾಕಾದ್ರೆ ಇದ್ದ ಬಸವಣ್ಣ, ಬೀಗರ ಮನೆಗಾದ್ರೆ ಇಲ್ವಾ?"

ಅಪ್ಪ ಬಂದು ಕೆನ್ನೆಗೆ ಹೊಡೆದರು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು. "ಸುಭಕಾರ್ಯಕ್ಕೆ ದೋಸ ಇಲ್ಲ," ಅಂತ ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಗಾಡಿಯಲ್ಲಿ ಕೂತಿದ್ದ ಅಣ್ಣ ಕೆಳಗಿಳಿದ. ಮೊದಲು ನನ್ನ ಕೆನ್ನೆ ನೋಡಿದ. ಆಮೇಲೆ ಮುಂದಕ್ಕೆ ಹೋಗಿ ಎಡಗಡೆಯ ಎತ್ತಿನ ಕಣ್ಣಿ ಬಿಚ್ಚಿದ, ಬಲಗಡೆಯದನ್ನು ಬಿಚ್ಚಿದ, ನೊಗ ಎತ್ತಿ ಗಾಡಿಯನ್ನು ಮುಂದಕ್ಕೆ ಇಳಿಸಿದ. ಎರಡೂ ಎತ್ತುಗಳನ್ನು ಹಿಡಿದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಕಟ್ಟಿ ಬಂದ. ಅಪ್ಪ ಬಾರುಕೋಲು ಹಿಡಿದುಕೊಂಡು ನಿಂತೇ ಇದ್ದರು. ಊರೆಲ್ಲ ನೋಡುತ್ತಿರುವಾಗ ಬಿಚ್ಚಿದ ಎತ್ತನ್ನು ಸೋಮವಾರದ ದಿನ ಮತ್ತೆ ಹೂಡು ಅನ್ನುವುದು ಹೇಗೆ?

"ಇವತ್ ಸ್ವಾಮಾರ ಕಣಪ್ಪ," ಅಂದ ಅಣ್ಣ. "ನಾನು ನಡ್ಕಂಡೇ ಓಯ್ತೀನಿ." ನನ್ನ ಕಡೆ ತಿರುಗಿ, "ಬತ್ತೀಯಾ?" ಅಂದ.

ರೊಟ್ಟಿ ಕಟ್ಟಿಕೊಳ್ಳಲಿಲ್ಲ. ಅಂಚಿನ ಪಂಚೆಯಲ್ಲೇ ಅವನು ನಡೆದ. ಆ ದಿನ ನೀರಿನ ಅಂಚಿಗೆ ಅವನೇ ನಡೆದ, ನಾನು ಒಳಗಡೆ. ಎದುರಾದ ಹೆಂಗಸರು ಎಲ್ಲಿಗೆ ಅಂತ ಕೇಳಿದಾಗ ನನ್ನ ಬಾಯಿಂದ ಹಲ್ಲುನೋವು ಬರುವ ಮೊದಲೇ, "ಡಾಕ್ಟ್ರತಾವ, ನಂಗ್ ಉಸಾರಿಲ್ಲ ಕಣಕ್ಕ," ಅಂದ. ನಾವು ಹೋದಾಗ ಹನ್ನೊಂದು ಕಳೆದಿತ್ತು. ಡಾಕ್ಟರು ಅವನ ಪಂಚೆ ನೋಡಿದರು, ನನ್ನ ಕೆನ್ನೆ ನೋಡಿದರು, ನಾರಿನ ಕಟ್ಟು ಅವನ ಮುಂದಕ್ಕೆ ತಳ್ಳಿದರು. ಮಧ್ಯಾಹ್ನ ಅವನ ಸರದಿ ಬಂದಾಗ ಏನು ಮಾಡಿದೆ ಅಂತ ಕೇಳಿದರು.

"ಎತ್ತು ಬಿಚ್ಚಿ ಬಂದೆ," ಅಂದ ಅಣ್ಣ.

ಮಿಕ್ಕ ವಾರಗಳೆಲ್ಲ ನಡೆದೇ ಹೋದೆವು. ಬುಧವಾರವೂ, ಶುಕ್ರವಾರವೂ. ಅಪ್ಪ ಗಾಡಿ ಹೂಡುತ್ತೇನೆ ಅನ್ನಲಿಲ್ಲ, ನಾವು ಕೇಳಲೂ ಇಲ್ಲ. ಆಮೇಲೆ ಅಣ್ಣ ಮಂಡ್ಯದ ಹತ್ತಿರ ಸರ್ಕಾರದ ಬೇಸಾಯದ ತೋಟ ವಿ.ಸಿ. ಫಾರಂನಲ್ಲಿ ಕೆಲಸಕ್ಕೆ ಸೇರಿದ. ಆಗಾಗ ಮಾತು ಕಡಿಮೆಯಾಗುತ್ತಿತ್ತು, ಆಗೆಲ್ಲ ತಾನೇ ಹೋಗಿ ಆ ಜಗಲಿಯಲ್ಲಿ ಕೂತು ಬರುತ್ತಿದ್ದ. ಮಾವ ತಂದ ಸಂಬಂಧ ಆ ಸೋಮವಾರವೇ ಮುರಿದಿತ್ತು; ಸ್ವಾತಂತ್ರ್ಯ ಬಂದ ವರ್ಷ ಬೇರೆ ಕಡೆ ಅವನ ಮದುವೆಯಾಯಿತು. ಹೆಣ್ಣಿನ ಮನೆಯಲ್ಲಿ ಅವನೇ ಕೂತು ಎಲ್ಲ ಹೇಳಿ, ತೋಳಿನ ಬರೆ ತೋರಿಸಿ ಬಂದ ಮೇಲೆ.

ಮದುವೆಯ ಊಟದ ಪಂಕ್ತಿಯಲ್ಲಿ ಅಪ್ಪ ಬೀಗರ ಪಕ್ಕ ಕೂತು ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. "ಎಲ್ಲಾ ಬಸವಣ್ಣನ ದಯ. ನಮ್ಮನೇಲಿ ಸ್ವಾಮಾರ ಒಂದ್ ದಿನಾನೂ ನೊಗ ಇಕ್ಕಿಲ್ಲ ನೋಡಿ, ಅದ್ಕೇ ಮಗನ್ನ ಉಳಿಸ್ಕೊಟ್ಟ."

ನಾನು ಪಾಯಸದ ಪಾತ್ರೆ ಹಿಡಿದು ಆ ಸಾಲಿನಲ್ಲೇ ಬರುತ್ತಿದ್ದೆ. ಅಪ್ಪನ ಎಲೆಯ ಮುಂದೆ ನಿಂತೆ.

"ಒಂದ್ ದಿನ ಇಕ್ಕಿದ್ರಿ ಕಣಪ್ಪ," ಅಂದೆ. "ಬಿಚ್ಚಿದ್ದು ಅಣ್ಣ."

ಅಪ್ಪ ತಲೆ ಎತ್ತಲಿಲ್ಲ. ನಾನು ಅವರ ಎಲೆಗೆ ಪಾಯಸ ಬಡಿಸಿ ಮುಂದಿನವರ ಕಡೆ ಹೋದೆ.