ಹರಕೆಯ ಸೌದೆ ಹೊರೆ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಕಮಲಾಕ್ಷಮ್ಮನ ಮನೆ ಯಾವುದೆಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಜಗಲಿಯ ಮೇಲೆ ಹೊಲಿಗೆ ಮಿಷನ್ನು, ಪಕ್ಕದಲ್ಲಿ ಗಂಟು ಕಟ್ಟಿಟ್ಟ ರವಿಕೆ ಬಟ್ಟೆಗಳು, ಹಣೆಗೆ ವಿಭೂತಿ ಇಟ್ಟು ತಲೆ ಬಗ್ಗಿಸಿ ಕೂತ ಹೆಂಗಸು. ಗಂಡ ಪರಮಶಿವಯ್ಯ ಸೊಸೈಟಿಯಲ್ಲಿ ಕೆಲಸದಲ್ಲಿದ್ದವರು, ಮಾತು ಕಡಿಮೆ. ಮನೆಯ ಮಾತೆಲ್ಲ ಇವಳದೇ, ಆ ಮಾತಿಗೆ ಊರಲ್ಲಿ ಬೆಲೆಯೂ ಇತ್ತು. ಶುಕ್ರವಾರ ಕೊಡುತ್ತೇನೆ ಅಂದರೆ ಶುಕ್ರವಾರ ರವಿಕೆ ಸಿದ್ಧ. ಕರೆಂಟು ಹೋದರೂ ಸಿದ್ಧ, ಮೈಗೆ ಜ್ವರ ಬಂದರೂ ಸಿದ್ಧ. ಬೇರೆ ಟೈಲರುಗಳು ಮದುವೆ ಹೆಣ್ಣುಗಳನ್ನು ಅಲೆಸುವುದನ್ನು ಕಂಡು ಅವಳಿಗೆ ಒಳಗೊಳಗೇ ಹೆಮ್ಮೆ. ಮನುಷ್ಯರಿಗೆ ಕೊಟ್ಟ ಮಾತೇ ಹೀಗಿದ್ದ ಮೇಲೆ ದೇವರಿಗೆ ಕೊಟ್ಟ ಮಾತನ್ನು ಕೇಳಬೇಕೆ.

ಮಗಳು ದಿವ್ಯಾಳನ್ನು ಬಾಗೂರಿಗೆ ಕೊಟ್ಟಿದ್ದರು. ಎರಡು ಸಲ ಬಸುರು ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯಲ್ಲಿ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ನೋಡಿ ಬಂದ ಮೇಲೆ ಕಮಲಾಕ್ಷಮ್ಮನಿಗೆ ಊಟ ರುಚಿಸಿರಲಿಲ್ಲ. ಮತ್ತೆ ನಿಂತಿದೆ ಎಂಬ ಸುದ್ದಿ ಫೋನಿನಲ್ಲಿ ಬಂದ ದಿನ ದೇವರ ಗೂಡಿನ ಮುಂದೆ ನಿಂತು, "ತಾಯೀ, ಇದೊಂದನ್ನ ಉಳಿಸಿಕೊಡು, ನಿನ್ನ ತುದಿಗೆ ಸೌದೆ ಹೊರ್ತೀನಿ" ಎಂದು ಬೆಟ್ಟದಮ್ಮನಿಗೆ ಹೇಳಿಕೊಂಡಳು.

ಬೆಟ್ಟದಮ್ಮ ಇರುವುದು ಘಟ್ಟದ ಸಾಲಿನಲ್ಲಿ, ಮೋಡ ಮುಟ್ಟುವ ತುದಿಯಲ್ಲಿ. ವರ್ಷಕ್ಕೊಮ್ಮೆ, ದೀಪಾವಳಿಯ ಸಮಯದಲ್ಲಿ, ಜನ ರಾತ್ರಿಯೆಲ್ಲ ಬರಿಗಾಲಲ್ಲಿ ಹತ್ತಿ ಬೆಳಗಿನ ಜಾವ ಅಮ್ಮನ ಮುಂದೆ ಬೆಂಕಿ ಹಾಕುತ್ತಾರೆ. ಆ ಬೆಂಕಿಗೆ ಸೌದೆ ಭಕ್ತರೇ ತರಬೇಕು. ಹರಕೆಯ ಹೊರೆಗೆ ಕಟ್ಟಳೆಯೂ ಉಂಟು. ಮನೆಯಿಂದಲೇ ಒಯ್ಯಬೇಕು, ದಾರಿಯಲ್ಲಿ ನೆಲಕ್ಕೆ ಇಳಿಸಬಾರದು, ಒಂದು ಕಡ್ಡಿಯೂ ಕಡಿಮೆಯಾಗಬಾರದು. ಹೊತ್ತವರಿಗೆ ದಣಿವಾದರೆ ಇನ್ನೊಬ್ಬರು ಕೈಯಲ್ಲಿ ಹಿಡಿದುಕೊಳ್ಳಬಹುದು.

ಹಿಡಿದುಕೊಳ್ಳಲು ಹೊನ್ನಕ್ಕ ತಾನಾಗಿ ಬಂದಳು. ಹಿಂದಿನ ಬೀದಿಯ ಹೊನ್ನಕ್ಕ ಎರಡು ಹಸು ಕಟ್ಟಿಕೊಂಡು ಮನೆಮನೆಗೆ ಹಾಲು ಕೊಡುವವಳು, ಇವಳಿಗಿಂತ ಹಿರಿಯಳು, ದಿವ್ಯಾಳನ್ನು ಸೊಂಟದ ಮೇಲೆ ಹೊತ್ತು ಆಡಿಸಿದವಳು. ಅವಳಿಗೆ ಯಾವ ಹರಕೆಯೂ ಇರಲಿಲ್ಲ.

"ನಿನ್ನ ಮೊಣಕಾಲು ನೋಡ್ಕೊಂಡಿದೀಯಾ ಹೊನ್ನಕ್ಕ? ಹತ್ತೋದು ಬೆಟ್ಟನ, ಮೆಟ್ಟಿಲನ್ನಲ್ಲ."

"ನನ್ನ ಮಣಕಾಲ್ಗೆ ನಾನಿವ್ನಿ. ನಿನ್ನ ವೊರೆಗೆ ಯಾರವ್ರೆ? ನಿಮ್ಮೆಜಮಾನ್ರು ಬಂದ್ರೆ ಅವರ್ನೇ ಇನ್ನಿಬ್ರು ವೊರ್ಬೇಕು ಕಣೆ."

ಪರಮಶಿವಯ್ಯ ಪೇಪರಿನ ಹಿಂದೆಯೇ ನಕ್ಕರು.

ಕಮಲಾಕ್ಷಮ್ಮ ಹಿತ್ತಲಿನ ಹಲಸಿನ ಒಣಕೊಂಬೆಯನ್ನು ಸೀಳಿಸಿ, ಬಿಸಿಲಿಗೆ ಹಾಕಿ, ಹರಕೆಯ ಹೊರೆಗೆಲ್ಲ ಕಟ್ಟುವ ಅರಿಶಿನದ ದಾರದಿಂದ ಕಟ್ಟಿದಳು. ಮಳೆ ಬಂದೀತೆಂದು ಮೇಲೆ ಪ್ಲಾಸ್ಟಿಕ್ ಸುತ್ತಿದಳು. ಬೀದಿಯ ಹೆಂಗಸರೆಲ್ಲ ಸೇರಿ ಬಾಡಿಗೆಗೆ ಹಿಡಿದ ಟೆಂಪೋದಲ್ಲಿ ಹೊರೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ಅಂಗನವಾಡಿ ಟೀಚರು ಪ್ರೇಮಕುಮಾರಿ ಎಲ್ಲರನ್ನೂ ಹೊರಡಿಸಿದವಳು. ಹಾಸನದಲ್ಲಿ ಟೀ ಕುಡಿಯಲು ಇಳಿದಾಗಲೂ ಕಮಲಾಕ್ಷಮ್ಮ ಹೊರೆ ಬಿಡಲಿಲ್ಲ. ಡ್ರೈವರ್ ನಾಗೇಶ ಲೋಟ ತಂದುಕೊಟ್ಟು, "ಏನಮ್ಮೋ, ಮಗೀಗೂ ಒಂದು ಅರ್ಧ ಟೀ ತರ್ಲಾ?" ಎಂದ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅವಳೂ ನಕ್ಕಳು.

ಬೆಟ್ಟದ ಅರ್ಧದವರೆಗೆ ಎಲ್ಲ ಚೆನ್ನಾಗಿತ್ತು. ಮುಂದೆ, ಹಿಂದೆ ಟಾರ್ಚುಗಳ ಸಾಲು, ಆಗಾಗ ಅಮ್ಮನಿಗೆ ಜೈಕಾರ. ಆಮೇಲೆ ಮರಗಳು ಮುಗಿದು ಬೋಳು ಹುಲ್ಲು ಬಂತು, ಅದರ ಜತೆಗೆ ಗಾಳಿ ಬಂತು. ಮಂಜು ಕವಿದು ಜಡಿ ಹನಿಯತೊಡಗಿತು. ಕಿವಿಯೊಳಗೆ ಸೂಜಿ ಚುಚ್ಚಿದಂಥ ಚಳಿ. ಹೊನ್ನಕ್ಕನ ಮೊಣಕಾಲಿಗೆ ತಕ್ಕಂತೆ ಹತ್ತುತ್ತ ಇವರ ಗುಂಪು ಹಿಂದೆ ಬಿತ್ತು, ಜನವೆಲ್ಲ ಮುಂದೆ ಹೋದರು.

ಒಂದು ಕಡೆ ಮಳೆನೀರು ಕೊರೆದ ಕೊರಕಲು ಅಡ್ಡ ಬಂತು. ದಾಟಲು ಎರಡೂ ಕೈ ಬೇಕು. ಕಮಲಾಕ್ಷಮ್ಮ ಹೊರೆಯನ್ನು ಹೊನ್ನಕ್ಕನ ಕೈಗೆ ಕೊಟ್ಟು, ಕುರುಚಲು ಗಿಡದ ಬೇರು ಹಿಡಿದು ಆಚೆ ಹತ್ತಿದಳು. ಹೊರೆ ದಾಟಿಸಲು ಹೊನ್ನಕ್ಕ ಕೊರಕಲಿನ ನೀರಿಗೇ ಇಳಿದು, ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದಳು. ಇವಳು ಬಗ್ಗಿ ಕೈ ಚಾಚಿದಳು. ಅಷ್ಟರಲ್ಲಿ ಹೊನ್ನಕ್ಕನ ಕಾಲು ಜಾರಿತು. ಒಂದು ಕೈ ಖಾಲಿಯಿದ್ದಿದ್ದರೂ ಬೇರು ಹಿಡಿಯುತ್ತಿದ್ದಳು. ಹೊರೆ ಇವಳ ಕೈಗೆ ಭದ್ರವಾಗಿ ಸೇರುವವರೆಗೆ ಅವಳು ಬಿಡಲಿಲ್ಲ. ಬಿಟ್ಟವಳೇ ಅಂಗಾತ ನೀರಿಗೆ ಬಿದ್ದಳು.

ಎಳೆದು ಮೇಲೆ ತಂದರು. ಗಾಯವೇನೂ ಇರಲಿಲ್ಲ. ಆದರೆ ಸೀರೆ, ಸ್ವೆಟರು, ಜಡೆ ಎಲ್ಲ ತೊಯ್ದು ತೊಪ್ಪೆ. ಬಂಡೆಯ ಮರೆಗೆ ಕೂರಿಸುವ ಹೊತ್ತಿಗೆ ಹೊನ್ನಕ್ಕನ ಹಲ್ಲು ಕಟಕಟ ಅನ್ನುತ್ತಿತ್ತು. ಪ್ರೇಮಕುಮಾರಿ ತನ್ನ ಶಾಲು ಹೊದಿಸಿದಳು, ಅದೂ ಒದ್ದೆ. ಬೆಂಕಿಪೊಟ್ಟಣವಿತ್ತು, ಕರ್ಪೂರವಿತ್ತು. ಸುತ್ತ ಒಣಗಿದ ಒಂದು ಎಲೆಯೂ ಇರಲಿಲ್ಲ.

"ಕಮಲಕ್ಕ, ಸೌದೆ ಕೊಡಿ" ಎಂದಳು ಪ್ರೇಮಕುಮಾರಿ.

ಕಮಲಾಕ್ಷಮ್ಮ ತಲೆಯ ಮೇಲಿನ ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. "ಇದು ದಿವ್ಯಂದು ಕಣೆ" ಎಂದಳು.

"ನಾಲ್ಕು ಸೀಳು ಸಾಕು. ಹೊನ್ನಕ್ಕನ ಮುಖ ನೋಡಿ ಒಂದ್ಸಲ."

ನೋಡಿದಳು. ಟಾರ್ಚಿನ ಬೆಳಕಿನಲ್ಲಿ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ನೋಡಿದರೂ ಅವಳ ಕಣ್ಣಿಗೆ ಬಂದದ್ದು ಗೋಡೆಯ ಕಡೆ ತಿರುಗಿದ ಮಗಳ ಬೆನ್ನು. ಒಂದು ಕಡ್ಡಿ ಕಡಿಮೆಯಾದರೆ, ನಾಳೆ ಬಾಗೂರಿನಿಂದ ಫೋನು ಬಂದರೆ? ಕೈ ಸಡಿಲವಾಗಲಿಲ್ಲ.

ಯಾರೂ ಬೈಯಲಿಲ್ಲ, ಕಿತ್ತುಕೊಳ್ಳಲಿಲ್ಲ. ಮಾತಾಡಿದವಳು ಹೊನ್ನಕ್ಕನೇ. "ಕೇಳ್ಬ್ಯಾಡ ಕಣ್ ಪ್ರೇಮಾ... ಮಗೀಂದು ಅದು... ಓಗು ಕಮಲ, ವತ್ತಾಯ್ತದೆ, ಓಗು."

ಹೋಗು ಅಂದಳಲ್ಲ! ಆ ಒಂದು ಮಾತನ್ನು ಅಪ್ಪಣೆಯೆಂದು ಹಿಡಿದುಕೊಂಡು ಕಮಲಾಕ್ಷಮ್ಮ ಹೊರಟಳು. ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ತುದಿಯಲ್ಲಿ ಬೆಂಕಿ ಆಗಲೇ ಆಳೆತ್ತರ ಏಳುತ್ತಿತ್ತು. ಸೌದೆ ಇಸಿದುಕೊಳ್ಳುವವನು ಅವಳ ಹೊರೆಯನ್ನೂ ಇಸಿದುಕೊಂಡು, ಪ್ಲಾಸ್ಟಿಕ್ ಹರಿದು, ರಾಶಿಯ ಮೇಲೆ ಎಸೆದ. ಅಷ್ಟು ದೊಡ್ಡ ರಾಶಿಯಲ್ಲಿ ಹಲಸಿನ ಸೀಳು ಯಾವುದೆಂದು ಅವಳಿಗೇ ಗೊತ್ತಾಗಲಿಲ್ಲ. ಬೆಂಕಿಯ ಕಾವು ಕೈಗೆ, ಎದೆಗೆ, ಹೆಪ್ಪುಗಟ್ಟಿದ ಪಾದಕ್ಕೆ ತಾಕಿತು. ಮೈಗೆ ಹಿತವಾಯಿತು. ಹಾಗೆ ಹಿತವಾದದ್ದೇ ಅವಳಿಗೆ ನಾಚಿಕೆ ತಂತು. ಅಮ್ಮನ ಮುಂದೆ ಕೈ ಮುಗಿದಳು, ಮುಖ ನೋಡಲು ಮಾತ್ರ ಆಗಲಿಲ್ಲ. ಮಗಳ ಹೆಸರು ಹೇಳಬೇಕೆಂದು ಬಂದಿದ್ದವಳು ಬಾಯಿಗೆ ಬಂದ ಬೇರೆ ಹೆಸರನ್ನು ಹೇಳದೆ ನುಂಗಿ ಇಳಿದಳು.

ಬೆಳಕು ಹರಿದಿತ್ತು. ಬಂಡೆಯ ಬಳಿ ಯಾರೂ ಇರಲಿಲ್ಲ. ಇದ್ದದ್ದು ಅಗಲವಾದ ಬೂದಿ, ಅದರಂಚಿನಲ್ಲಿ ಅರ್ಧ ಸುಟ್ಟ ಅರಿಶಿನದ ದಾರ, ಒಂದು ಖಾಲಿ ಗೊಬ್ಬರದ ಚೀಲ. ಕಮಲಾಕ್ಷಮ್ಮ ಆ ದಾರವನ್ನು ನೋಡುತ್ತ ತುಂಬ ಹೊತ್ತು ನಿಂತಳು.

ಕೆಳಗೆ ಪ್ರೇಮಕುಮಾರಿ ಹೇಳಿದಳು. ಇವಳು ಹೋದ ಸ್ವಲ್ಪ ಹೊತ್ತಿಗೆ ಮಲ್ಲಿಪಟ್ಟಣದ ಕಡೆಯ ಗಂಡಸರು ಬಂದರಂತೆ. ಅವರಲ್ಲೊಬ್ಬ ಚೀಲದಲ್ಲಿ ಹರಕೆ ಸೌದೆ ಹೊತ್ತಿದ್ದನಂತೆ. ಇವರು ಕೇಳುವ ಮೊದಲೇ ಇಳಿಸಿ, ಕಟ್ಟು ಬಿಚ್ಚಿ, ಪೂರ್ತಿ ಒಟ್ಟಿ ಹಚ್ಚಿದನಂತೆ. "ಏನು ಹರಕೆ ಅಣ್ಣ ಅಂತ ಕೇಳಿದೆ ಕಮಲಕ್ಕ. ಹೇಳ್ಲಿಲ್ಲ. ಬರಿಗೈಲಿ ಮೇಲಕ್ಕೆ ಹೋದ." ಪ್ರೇಮಕುಮಾರಿಯ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹೊನ್ನಕ್ಕ ಟೆಂಪೋದಲ್ಲಿ ನಾಗೇಶನ ಕಂಬಳಿ ಹೊದ್ದು ಕೂತಿದ್ದಳು. "ಸೇರುಸ್ದ್ಯಾ?" ಎಂದಳು.

"ಹೂಂ."

"ಒಳ್ಳೇದಾಯ್ತು ಬುಡು."

ಹೊಳೆನರಸೀಪುರದವರೆಗೂ ಹೆಂಗಸರು ಮಂಜಿನ ಸುದ್ದಿ, ಪ್ರಸಾದದ ಸುದ್ದಿ ಮಾತಾಡಿದರು. ಅದೊಂದನ್ನು ಬಿಟ್ಟು ಎಲ್ಲವನ್ನೂ ಮಾತಾಡಿದರು.

ಹೊನ್ನಕ್ಕನಿಗೆ ಕೆಮ್ಮು ಹಿಡಿದು ಕಾರ್ತೀಕ ಮುಗಿದರೂ ಬಿಡಲಿಲ್ಲ. ಹಾಲು ಕೊಡಲು ಸೊಸೆ ಬರತೊಡಗಿದಳು. ಕಮಲಾಕ್ಷಮ್ಮ ದಿನಾ ಶುಂಠಿ ಕಷಾಯ ಕಾಯಿಸಿ ಗಂಡನ ಕೈಯಲ್ಲಿ ಕಳಿಸಿದಳು. ಒಂದು ದಿನ ಪರಮಶಿವಯ್ಯ ಖಾಲಿ ಪಾತ್ರೆ ಇಟ್ಟು, "ನೀನ್ಯಾಕೆ ಬರಲ್ಲ ಅಂತ ಕೇಳಿದಳು" ಎಂದರು. ಇವಳು ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು, ದಾರ ಹೋಗಲಿಲ್ಲ. ಸಂತೆಗೆ ಹೋಗುವಾಗ ಹಿಂದಿನ ಬೀದಿ ಬಿಟ್ಟು ಸುತ್ತಿ ಹೋಗತೊಡಗಿದಳು. ಬೆಳಗಿನ ಪೂಜೆಯಲ್ಲಿ ಎಲ್ಲ ದೇವರ ಹೆಸರನ್ನೂ ಹೇಳಿ ಬೆಟ್ಟದಮ್ಮನ ಹೆಸರು ಬಂದಾಗ ನಿಲ್ಲಿಸುತ್ತಿದ್ದಳು. ತಾನು ಕೊಟ್ಟ ಮಾತು ಉಳಿಸಿಕೊಂಡವಳು. ಆದರೂ ಮುಖ ತಪ್ಪಿಸುತ್ತಿರುವವಳು ತಾನೇ. ಇದು ಅವಳಿಗೆ ಅರ್ಥವಾಗಲಿಲ್ಲ, ಅರ್ಥವಾಗದೆಯೂ ಇರಲಿಲ್ಲ.

ದಿವ್ಯಾಳಿಗೆ ಹೆಣ್ಣು ಮಗುವಾಯಿತು, ತಾಯಿ ಮಗು ಕ್ಷೇಮ. ತೊಟ್ಟಿಲು ಶಾಸ್ತ್ರಕ್ಕೆ ಬಾಗೂರಿನ ಬೀಗರು ಬಂದರು. ದಿವ್ಯಾ ತಾನೇ ಹೋಗಿ ಹೊನ್ನಕ್ಕನನ್ನು ಕರೆತಂದು ತೊಟ್ಟಿಲ ಪಕ್ಕ ಕೂರಿಸಿದಳು. ಹೊನ್ನಕ್ಕನ ಮೈ ಇಳಿದುಹೋಗಿತ್ತು.

ಕೋಸಂಬರಿ ತಟ್ಟೆ ಹಿಡಿದು ಬಾಗಿಲಿಗೆ ಬಂದ ಕಮಲಾಕ್ಷಮ್ಮನ ಕಿವಿಗೆ ಮಗಳ ಮಾತು ಬಿತ್ತು. "ನಮ್ಮಮ್ಮ ಅಂದ್ರೆ ಏನಂದ್ಕೊಂಡಿದೀರಾ ಅತ್ತೆ? ಅಂಥಾ ಚಳೀಲೂ ಒಂದು ಕಡ್ಡಿ ಬಿಟ್ಕೊಡ್ಲಿಲ್ವಂತೆ!"

"ಅದಕ್ಕೇ ಬೆಟ್ಟದಮ್ಮ ಕಣ್ಬಿಟ್ಲು ಬಿಡವ್ವ. ನಿಷ್ಠೆ ಅಂದ್ರೆ ಅದು" ಎಂದು ಬೀಗಿತ್ತಿ ಮಗುವಿನ ದೃಷ್ಟಿ ತೆಗೆದು ಲಟಿಕೆ ಮುರಿದಳು. ಹಾಗೆಯೇ ನಗುತ್ತ ಹೊನ್ನಕ್ಕನ ಕಡೆ ತಿರುಗಿ, "ಬಿದ್ದಿದ್ದೋರು ನೀವಂತಲ್ಲ? ನಿಮಗೇನೂ ಬೇಜಾರಾಗ್ಲಿಲ್ವಾ?" ಎಂದಳು.

ಹೊನ್ನಕ್ಕ ತೊಟ್ಟಿಲ ಹಗ್ಗ ಹಿಡಿದು ತೂಗುತ್ತಿದ್ದವಳು ನಿಲ್ಲಿಸಿದಳು.

"ಆಗ್ದೆ ಏನವ್ವ? ಆಯ್ತು. ಓಗು ಅಂದೋಳು ನಾನೇಯ, ದಿಟ." ಒಂದಿಷ್ಟು ಕೆಮ್ಮಿದಳು. "ಓಗೇಬುಡ್ತಾಳೆ ಅಂದ್ಕೊಂಡಿರ್ಲಿಲ್ಲ."

ಬೀಗಿತ್ತಿಯ ನಗು ಅಲ್ಲೇ ನಿಂತಿತು. ಪ್ರೇಮಕುಮಾರಿ ಸೆರಗಿನ ಅಂಚು ನೋಡತೊಡಗಿದಳು. ದಿವ್ಯಾ ಒಮ್ಮೆ ಹೊನ್ನಕ್ಕನ ಕಡೆ, ಒಮ್ಮೆ ತಾಯಿಯ ಕಡೆ ನೋಡಿದಳು.

ಕಮಲಾಕ್ಷಮ್ಮನ ಕೆನ್ನೆ ಕಿವಿ ಎಲ್ಲ ಉರಿಯಿತು. ಒಳಗೆ ಹೋಗಿಬಿಡಬಹುದಿತ್ತು, ಅಡುಗೆಮನೆಯಲ್ಲಿ ಕೆಲಸ ಬೇಕಾದಷ್ಟಿತ್ತು. ಅವಳು ತಟ್ಟೆಯನ್ನು ಮಗಳ ಕೈಗೆ ಕೊಟ್ಟು, ನಡೆದು ಬಂದು, ಎಲ್ಲರೆದುರಿಗೆ ಹೊನ್ನಕ್ಕನ ಕಾಲ ಬಳಿ ಚಾಪೆಯ ಮೇಲೆ ಕೂತಳು.

ಹೊನ್ನಕ್ಕ ಅವಳ ಮುಖ ನೋಡಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟಳು, ಮತ್ತೆ ತೊಟ್ಟಿಲು ತೂಗತೊಡಗಿದಳು. ಕಮಲಾಕ್ಷಮ್ಮ ತಲೆ ತಗ್ಗಿಸಿಕೊಂಡೇ ಅಲ್ಲಿ ಕೂತಿದ್ದಳು. ಬೀಗರ ಊಟ ಬಡಿಸಲು ಯಾರೋ ಕರೆದರೂ ಏಳಲಿಲ್ಲ.