ಹುಲ್ಲು ತುಂಬಿದ ಕರು

ಸೀಮೆ ಹಸು ಗಂಡು ಕರು ಹಾಕಿದರೆ ನಮ್ಮ ಮನೇಲಿ ಯಾರೂ ಅದಕ್ಕೆ ಹೆಸರಿಡುತ್ತಿರಲಿಲ್ಲ. ಅದು ಹೂಡೋಕೂ ಆಗಲ್ಲ, ಗಾಡಿ ಎಳೆಯೋಕೂ ಆಗಲ್ಲ. ಬೈಯಪ್ಪನಹಳ್ಳಿ ಸುತ್ತ ಹೂಡೋಕೆ ಹೊಲವೂ ಆಗ ಉಳಿದಿರಲಿಲ್ಲ ಅನ್ನಿ. ಅದು ಕುಡಿದಷ್ಟು ಹಾಲು ಇಂದಿರಾನಗರದ ಪಾತ್ರೆಗಳಿಗೆ ಕಮ್ಮಿ ಬೀಳುತ್ತಿತ್ತು. ಅದಕ್ಕೇ ಕುಡಿಸುತ್ತಿರಲಿಲ್ಲ. ಕೆಚ್ಚಲಿಗೆ ಬಾಯಿ ಹಚ್ಚಿಸೋದು, ಹಸು ಸೊರೆ ಬಿಟ್ಟು ಹಾಲು ಇಳಿದ ಕೂಡಲೇ ಎಳೆದು ಕಟ್ಟೋದು. ಹೀಗೆ ಹತ್ತು ಹನ್ನೆರಡು ದಿನ ಬದುಕುತ್ತಿತ್ತು. ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡಿದೆ.

ಆ ಸಲ ಮಾತ್ರ ನನ್ನ ಮಗನ ಮಗಳು ಕರುವಿಗೆ ಹೆಸರಿಟ್ಟುಬಿಟ್ಟಿದ್ದಳು. ಆಗವಳು ಮೂರನೇ ಕ್ಲಾಸು. ಸ್ಕೂಲಿಂದ ಬಂದವಳೇ ಚೀಲ ಎಸೆದು ಅದರ ಪಕ್ಕ ಕೂತುಬಿಡೋಳು. ತನ್ನ ಟೀ ಲೋಟದಲ್ಲಿ ಬೆರಳು ಅದ್ದಿ ಕರುವಿಗೆ ಚೀಪಿಸುತ್ತಿದ್ದಳು ಅಂತ ಸೊಸೆ ಆಮೇಲೆ ಹೇಳಿದಳು. ಹನ್ನೊಂದನೇ ದಿನ ಅವಳು ಸ್ಕೂಲಿಗೆ ಹೋದ ಮೇಲೆ ಕರು ಸತ್ತಿತು. ಸಾಯಂಕಾಲ ಬಂದು ಕೇಳಿದಳು. ಹಗ್ಗ ಕಿತ್ತುಕೊಂಡು ರೈಲು ಹಳಿ ಕಡೆ ಓಡೋಯ್ತು ಅಂದೆ. ನಿಲ್ಲೋಕೇ ಆಗದ ಕರು ಓಡೋಯ್ತು ಅಂದರೂ ನಂಬಿದಳು. ನಾನು ಹೇಳಿದ್ದನ್ನೆಲ್ಲ ನಂಬೋಳು ಆ ಮನೇಲಿ ಅವಳೊಬ್ಬಳೇ. ಒಂದು ವಾರ ಹಳಿ ಉದ್ದಕ್ಕೂ ಕೂಗಿಕೊಂಡು ಹುಡುಕಿದಳು. ಹುಡುಕಲಿ, ಸುಸ್ತಾದರೆ ತಾನೇ ಬಿಡ್ತಾಳೆ ಅಂತ ನಾನು ಸುಮ್ಮನಿದ್ದೆ.

ಅಷ್ಟರಲ್ಲಿ ಕರು ಶಿವಾಜಿನಗರಕ್ಕೆ ಹೋಗಿ ಬಂದಿತ್ತು. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಚರ್ಮದ ಕೆಲಸದ ಸಾಬರೊಬ್ಬರಿದ್ದರು. ಗೋಣಿ ಬಿಚ್ಚಿ ನೋಡಿ, "ಏನಮ್ಮಾ, ಒಳಗೆ ಏನೂ ಇಲ್ಲ, ಬರೀ ಚರ್ಮಾನೇ ತಂದಿದ್ದೀಯಲ್ಲ," ಅಂದರು. ಉಪ್ಪು ಪಟಿಕ ಸವರಿ ಒಣಗಿಸಿ, ಹುಲ್ಲು ತುಂಬಿ, ದಬ್ಬಳದಲ್ಲಿ ಹೊಲಿದು, ಕಾಲಿಗೆ ನಾಲ್ಕು ಬಿದಿರು ಕಡ್ಡಿ ಸಿಕ್ಕಿಸಿಕೊಟ್ಟರು. ತಲೆ ಸರಿಯಾಗಿ ಕೂರಲಿಲ್ಲ, ಬೇಡ ಅಂದೆ. ಕರು ಮುಂದಿಲ್ಲದೆ ಹಸು ಹಾಲು ಇಳಿಸಲ್ಲ, ಆದರೆ ಅದಕ್ಕೆ ವಾಸನೆ ಸಾಕು. ಮುಂದೆ ನಿಲ್ಲಿಸಿ ಬೆನ್ನ ಮೇಲೆ ಉಪ್ಪುನೀರು ಚಿಮುಕಿಸಿದರೆ ನೆಕ್ಕುತ್ತಾ ನೆಕ್ಕುತ್ತಾ ಸೊರೆ ಬಿಡುತ್ತಿತ್ತು. ಮೊಮ್ಮಗಳಿಗೆ ಅದು ಮಾರ್ಕೆಟ್ಟಿನಿಂದ ತಂದ ಬೊಂಬೆ ಅಂದೆ. ತಲೆಯಿಲ್ಲದ್ದನ್ನ ಅವಳು ಹೇಗೆ ಗುರುತು ಹಿಡೀತಾಳೆ?

ಆಗ ಇಂದಿರಾನಗರದ ಜನ ಕಣ್ಣ ಮುಂದೆ ಕರೆದ ಹಾಲೇ ಬೇಕು ಅನ್ನೋರು. ಹಾಲಿಗೆ ನೀರು ಹಾಕ್ತೀವಿ ಅಂತ ಅನುಮಾನ. ದಿನಾ ಹಸು ಹೊಡಕೊಂಡು, ಹುಲ್ಲಿನ ಕರು ಕಂಕುಳಲ್ಲಿ ಇರುಕಿಕೊಂಡು ಐದು ಮನೆ ಗೇಟಿಗೆ ಹೋಗುತ್ತಿದ್ದೆ. ಮೊದಲನೇ ಮನೆಯ ಮೇಡಂ ಮಕ್ಕಳ ಪುಸ್ತಕ ಬರೆಯೋರು. ಒಂದು ದಿನ ಮೇವಿನವನು ಬರಲಿಲ್ಲ, ಹಸುವನ್ನ ಖಾಲಿ ಹೊಟ್ಟೆಯಲ್ಲೇ ಹೊಡಕೊಂಡು ಹೋದೆ. ತಪ್ಪು ನನ್ನದೇ. ಮೇಡಂ ಗೇಟಲ್ಲಿ ಕರೀತಾ ಕೂತಿದ್ದಾಗ ಹಸು ನೆಕ್ಕಿ ನೆಕ್ಕಿ ಹೊಟ್ಟೆ ಹತ್ತಿರದ ಹೊಲಿಗೆ ಬಿಚ್ಚಿತು. ಹುಲ್ಲು ಕಾಣಿಸಿತು. ಬಾಯಿ ಹಾಕಿ ಎಳೆದು ತಿನ್ನೋಕೆ ಶುರು ಮಾಡಿತು. ಎದುರು ಮನೆ ವಾಚ್‌ಮನ್ ನಕ್ಕೂ ನಕ್ಕೂ ಗೋಡೆ ಹಿಡಕೊಂಡ. "ಅಜ್ಜೀ, ನಿನ್ನ ಹಸು ಮಗೂನೇ ತಿಂತಾ ಇದೆ ನೋಡು," ಅಂದ. ನಾನು ಕೆಚ್ಚಲು ಬಿಡಲಿಲ್ಲ. ತಿನ್ನೋವಾಗ ಹಾಲು ಚೆನ್ನಾಗಿ ಇಳೀತಿತ್ತು.

ಮೇಡಂ ಪಾತ್ರೆ ಹಿಡಕೊಂಡು ನಿಂತೇ ಇದ್ದರು.

"ಆಗ ಹಸುಗೆ ಏನನ್ನಿಸ್ತು ಅಮ್ಮಾ?"

"ಹುಲ್ಲು ಅನ್ನಿಸ್ತು."

ಅವತ್ತು ರಾತ್ರಿಯೇ ಕರುವಿಗೆ ಮತ್ತೆ ಹುಲ್ಲು ತುಂಬಿ ಹೊಲಿದೆ. ಮಾರನೇ ದಿನದಿಂದ ಮೇಡಂ ಗೇಟಿಗೆ ನೋಟುಬುಕ್ ತರೋಕೆ ಶುರು ಮಾಡಿದರು. ಕೇಳಿದ್ದನ್ನೆಲ್ಲ ಹೇಳಿದೆ, ಮುಚ್ಚಿಡೋಕೆ ನನಗೇನು. ಕರು ಹೇಗೆ ಸತ್ತಿತು, ಎಷ್ಟು ದಿನಕ್ಕೆ ಸತ್ತಿತು, ಮೊಮ್ಮಗಳಿಗೆ ಏನು ಸುಳ್ಳು ಹೇಳಿದೆ, ಎಲ್ಲಾ. ಅವಳು ಹಳಿ ಮೇಲೆ ಹುಡುಕಿದ್ದನ್ನ ಹೇಳಿದಾಗ ಮೇಡಂ ಕಣ್ಣು ಒರೆಸಿಕೊಂಡರು. ಹಾಲಿನ ಪಾತ್ರೆಯನ್ನ ಮಾತ್ರ ತುಂಬಿಸಿಕೊಂಡೇ ಒಳಗೆ ಹೋದರು.

ಹಸು ಬತ್ತೋಕೆ ಮುಂಚೆಯೇ ಪುಸ್ತಕ ಬಂತು. ಬಣ್ಣಬಣ್ಣದ್ದು, ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಮೊಮ್ಮಗಳಿಗೆ ಅಂತ ಒಂದು ಕೊಟ್ಟರು. ನಾನು ಒಂದೊಂದೇ ಅಕ್ಷರ ಕೂಡಿಸೋ ಹೊತ್ತಿಗೆ ಅವಳು ಪೂರಾ ಓದಿ ಮುಗಿಸಿದ್ದಳು. ಅದರಲ್ಲಿ ಕರು ಹಗ್ಗ ಕಿತ್ತುಕೊಂಡು ಓಡಿಹೋಗುತ್ತೆ. ಹಸು ಅಳುತ್ತೆ. ಹಾಲಿನ ಅಜ್ಜಿ ಹಸುವಿನ ಮೇಲಿನ ಪ್ರೀತಿಗೆ ಹುಲ್ಲಿನ ಕರು ಮಾಡಿಕೊಡುತ್ತಾಳೆ. ಹಸು ಅದನ್ನ ತಿಂದಾಗ ಹುಲ್ಲಿನ ಕರುವಿಗೆ ಕಚಗುಳಿ ಆಗಿ ನಗು ಬರುತ್ತೆ. ಆ ನಗು ಕೇಳಿಕೊಂಡು ನಿಜವಾದ ಕರು ಬೇಲಿ ಹಿಂದಿಂದ ವಾಪಸ್ ಬರುತ್ತೆ. ಅಜ್ಜಿ ಬಾಯಿ ತುಂಬಾ ಹಲ್ಲು ಬಿಟ್ಟು ನಗ್ತಾಳೆ. ನನಗೆ ಆಗಲೇ ಮುಂದಿನ ಎರಡು ಹಲ್ಲು ಬಿದ್ದಿದ್ದವು.

ಕರು ಓಡಿಹೋಯ್ತು ಅನ್ನೋದು ಹುಡುಗಿಗೆ ಅಲ್ಲೀವರೆಗೂ ಬರೀ ಅಜ್ಜಿ ಹೇಳಿದ ಮಾತಾಗಿತ್ತು. ಈಗ ಅದೇ ಅಚ್ಚಾಗಿಬಿಟ್ಟಿತ್ತು. ಕರು ಸಿಕ್ಕಿದೆ, ಪುಸ್ತಕದ ಆಂಟಿ ಮನೇಲಿದೆ, ನೀನು ತೋರಿಸ್ತಿಲ್ಲ ಅಂತ ಎರಡು ದಿನ ಪ್ರಾಣ ತಿಂದಳು. ಮೂರನೇ ದಿನ ಸ್ಕೂಲು ಬಿಟ್ಟು ಪುಸ್ತಕ ಅವುಚಿಕೊಂಡು ನನ್ನ ಹಿಂದೆಯೇ ಗೇಟಿಗೆ ಬಂದಳು.

"ಆಂಟಿ, ಕರು ಎಲ್ಲಿ ಸಿಕ್ತು?"

ಮೇಡಂ ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿದರು. ಅದು ಕಥೆ ಪುಟ್ಟಾ, ಕಥೇಲಿ ಎಲ್ಲಾ ವಾಪಸ್ ಬರುತ್ತೆ ಅಂದರು. ಕಥೆ ಆಚೆ ಬರಲ್ವಾ ಅಂತ ಹುಡುಗಿ ಕೇಳಿದಳು. ಅದನ್ನ ನಿಮ್ಮ ಅಜ್ಜೀನೇ ಹೇಳ್ತಾರೆ ಅಂತ ಹೇಳಿ ಮೇಡಂ ಪಾತ್ರೆ ನನ್ನ ಮುಂದೆ ಇಟ್ಟರು.

ನನಗೆ ರೇಗಿತು. ಇನ್ನೂ ನಾಲ್ಕು ಗೇಟು ಬಾಕಿ ಇತ್ತು. ಹುಲ್ಲಿನ ಕರುವನ್ನ ಅವಳ ಮುಂದೆ ನಿಲ್ಲಿಸಿದೆ.

"ಇದೇ ನಿನ್ನ ಕರು. ಎಲ್ಲೂ ಓಡಿಹೋಗಲಿಲ್ಲ. ನಾನು ಹಾಲು ಬಿಡಲಿಲ್ಲ, ಸತ್ತೋಯ್ತು. ಅದರ ಪಾಲಿನ ಹಾಲು ಈ ಪಾತ್ರೆಗೆ ಬಿತ್ತು."

"ಅಮ್ಮಾ, ಮಗು ಮುಂದೆ ಹೀಗೆ ಹೇಳಬಾರದು," ಅಂದರು ಮೇಡಂ.

"ನಿಮಗೂ ಇದನ್ನೇ ಹೇಳಿದ್ದೆ. ನೀವು ನನ್ನ ಸುಳ್ಳನ್ನೇ ಆರಿಸಿಕೊಂಡ್ರಿ."

ಹುಡುಗಿ ಅಳಲಿಲ್ಲ. ಕರುವಿನ ಬೆನ್ನು ಮುಟ್ಟಿ ನೋಡಿದಳು. ಉಪ್ಪಿಗೆ ಕೂದಲು ಗಡುಸಾಗಿತ್ತು.

"ನೀನು ಹಾಲು ಕರೆಯೋವಾಗ ನಿನ್ನ ನೋಡ್ತಿತ್ತಾ?"

"ನೋಡ್ತಿತ್ತು. ಅದಕ್ಕೇ ಗೋಡೆ ಕಡೆ ಮುಖ ಮಾಡಿ ಕಟ್ಟುತ್ತಿದ್ದೆ."

ಆಮೇಲೆ ಹಸು ನೆಕ್ಕಿತು, ಸೊರೆ ಬಿಟ್ಟಿತು, ಕರೆದೆ. ಮೇಡಂ ಹಾಲು ತಗೊಂಡು ಗೇಟು ಹಾಕಿಕೊಂಡರು. ಹುಡುಗಿ ಪುಸ್ತಕವನ್ನ ಅವರ ಕಾಂಪೌಂಡ್ ಗೋಡೆ ಮೇಲಿಟ್ಟು ಒಬ್ಬಳೇ ಮನೆ ಕಡೆ ನಡೆದಳು. ನಾನು ಹಿಂದೆ ಹೋಗಲಿಲ್ಲ, ಉಳಿದ ನಾಲ್ಕು ಗೇಟಲ್ಲಿ ಕರೀಬೇಕಿತ್ತು.

ಅವತ್ತಿಂದ ಅವಳು ನನ್ನ ಹತ್ತಿರ ಮಾತು ಬಿಡಲಿಲ್ಲ, ಅನ್ನ ಬಿಡಲಿಲ್ಲ, ಎದುರಾಡಲೂ ಇಲ್ಲ. ಆದರೆ ನಾನು ಏನೇ ಹೇಳಿದರೂ ಅಮ್ಮನ ಮುಖ ನೋಡಿ ನಿಜಾನಾ ಅಂತ ಕೇಳೋಳು. ಮಳೆ ಬರ್ತಿದೆ, ಛತ್ರಿ ತಗೊಂಡು ಹೋಗು ಅಂದರೆ ಬಾಗಿಲಾಚೆ ಹೋಗಿ ಕೈ ಚಾಚಿ, ಅಂಗೈ ಒದ್ದೆ ಆದ ಮೇಲೇ ಛತ್ರಿ ತಗೊಳ್ಳೋಳು.